ಒಂಬತ್ತೂವರೆಗೆ ಷಟರ್ ಎಳೆದ ಮೇಲೆ ಕೈಗೂಡಿದ ಬೆಳಗಿನ ನಡಿಗೆ

ದಿನಸಿ ಅಂಗಡಿ ಇಟ್ಟವರಿಗೆ ಬೆಳಗಿನ ವ್ಯಾಯಾಮ ಹೇಳಿಸಿದ್ದಲ್ಲ ಎಂಬ ಮಾತು ನಮ್ಮ ವ್ಯಾಪಾರದವರಲ್ಲಿ ಬೇರೂರಿದೆ. ರಾತ್ರಿ ಹತ್ತೂಕಾಲಿಗೆ ಷಟರ್ ಎಳೆದು, ಗಲ್ಲಾ ಎಣಿಸಿ, ಮನೆಗೆ ಬಂದು ಉಂಡು ಮಲಗುವಷ್ಟರಲ್ಲಿ ಹನ್ನೆರಡು ಗಂಟೆ. ಅಂಥವನೊಬ್ಬ ಐದೂಕಾಲಿಗೆ ಎದ್ದು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಾನೆಂದರೆ ಸಂತೇಪೇಟೆಯ ನನ್ನ ಸಗಟು ವ್ಯಾಪಾರಿ ಮಿತ್ರರು ಈಗಲೂ ಅನುಮಾನದಿಂದ ನೋಡುತ್ತಾರೆ. ಆದರೆ ಎರಡು ವರ್ಷ ದಾಟಿದೆ. ಎರಡು ಮಳೆಗಾಲ, ಎರಡು ದಸರಾ ಕಳೆದರೂ ಅಭ್ಯಾಸ ಮುರಿದಿಲ್ಲ. ಆದ್ದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಡಿಗೆಯಿಂದ ಏನು ಲಾಭ, ಬೆಳಗಿನ ಗಾಳಿ ಎಷ್ಟು ಒಳ್ಳೆಯದು ಎಂಬುದು ಇದನ್ನು ಓದುವವರಿಗೆಲ್ಲ ಗೊತ್ತು. ಹೆಚ್ಚಿನವರು ಒಂದೆರಡು ಸಲ ಶುರು ಮಾಡಿ ಬಿಟ್ಟವರೇ ಇರುತ್ತಾರೆ. ನಾನೂ ಬಹಳ ದಾರಿ ಹಿಡಿದು ನೋಡಿದೆ. ಯಾವುದು ಏಕೆ ಕೈಕೊಟ್ಟಿತು, ಎಷ್ಟು ದುಡ್ಡು ಹೋಯಿತು ಎಂಬುದನ್ನು ಮೊದಲು ಹೇಳುತ್ತೇನೆ.

ಮೊದಲನೆಯದು ಜಿಮ್. ವರ್ಷದ ಶುಲ್ಕ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದರು, ಹನ್ನೆರಡು ಸಾವಿರದ ಹತ್ತಿರ ಕಟ್ಟಿದೆ. ದುಡ್ಡು ಕಟ್ಟಿದ ಮೇಲೆ ಹೊಟ್ಟೆಯುರಿಗಾದರೂ ಏಳುತ್ತೇವೆ ಎಂಬ ಲೆಕ್ಕಾಚಾರ ಎಲ್ಲರದೂ. ಹಾಗೆ ಆಗುವುದಿಲ್ಲ. ಕೊಟ್ಟ ದುಡ್ಡು ಬೆಳಗಿನ ಐದೂವರೆಗೆ ಯಾರಿಗೂ ನೆನಪಿಗೆ ಬರುವುದಿಲ್ಲ, ಮಧ್ಯಾಹ್ನ ಊಟವಾದ ಮೇಲೆ ಬರುತ್ತದೆ. ಮೂರನೆಯ ವಾರಕ್ಕೆ ಜಿಮ್ ಮುಗಿಯಿತು.

ಆಮೇಲೆ ಟ್ರೆಡ್‌ಮಿಲ್. ಮನೆಯಲ್ಲೇ ಇದ್ದರೆ ನೆಪಕ್ಕೆ ಜಾಗವಿಲ್ಲ ಎಂದುಕೊಂಡು ಕಂತಿನ ಮೇಲೆ ಇಪ್ಪತ್ತೆಂಟು ಸಾವಿರ ಕೊಟ್ಟೆ. ಆರೇಳು ತಿಂಗಳಲ್ಲಿ ಅದು ಬಟ್ಟೆ ಒಣಗಿಸುವ ಗೂಟವಾಯಿತು. ಕೊನೆಗೆ ಸುಮಾರು ಹತ್ತು ಸಾವಿರಕ್ಕೆ ಮಾರಿದೆ. ಇದಾದ ಮೇಲೆ ಲೆಕ್ಕ ಮಾಡಿದರೆ ಮಾತ್ರ ಸುಮ್ಮನಾಗುವ ಅಲಾರಂ ಆ್ಯಪ್ ಹಾಕಿಕೊಂಡೆ. ಇಪ್ಪತ್ತು ವರ್ಷದಿಂದ ಕಾಲು ಕಿಲೋ, ಅರ್ಧ ಕಿಲೋ ಲೆಕ್ಕವನ್ನು ಬಾಯಲ್ಲೇ ಹೇಳುವವನಿಗೆ ಎರಡಂಕಿಯ ಗುಣಾಕಾರಕ್ಕೆ ಎಚ್ಚರವೇ ಬೇಕಿಲ್ಲ. ನಿದ್ದೆಗಣ್ಣಿನಲ್ಲೇ ಉತ್ತರ ಒತ್ತಿ ಮಗ್ಗುಲು ಬದಲಿಸುತ್ತಿದ್ದೆ. ಜೊತೆಗಾರನನ್ನು ಕಟ್ಟಿಕೊಂಡು ನಡೆಯುವುದೂ ಒಂದು ದಾರಿ. ಇಬ್ಬರಲ್ಲಿ ಒಬ್ಬರಿಗೆ ನೆಗಡಿಯಾದರೆ ಇಬ್ಬರೂ ನಿಲ್ಲುತ್ತಾರೆ, ಮತ್ತೆ ಶುರು ಮಾಡೋಣ ಎಂದು ಯಾರೂ ಮೊದಲು ಬಾಯಿ ಬಿಡುವುದಿಲ್ಲ.

ಇನ್ನು ನಾಲ್ಕೂವರೆಗೆ ಬ್ರಾಹ್ಮಿ ಮುಹೂರ್ತದಲ್ಲಿ ಏಳಿ ಎಂದು ಹಟ ಹಿಡಿದವರು. ಅದು ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗಿ 48 ನಿಮಿಷ ಇರುವ ಕಾಲ. ಜನವರಿಯಲ್ಲಿ ಮೈಸೂರಿಗೆ ಸೂರ್ಯ ಬರುವುದೇ ಆರೂಮುಕ್ಕಾಲರ ಆಸುಪಾಸು. ಹಾಗಾದರೆ ಮುಹೂರ್ತ ಐದು ದಾಟಿದ ಮೇಲೆಯೇ. ಜೂನ್ ಬಂದರೆ ಮಾತ್ರ ನಾಲ್ಕೂಕಾಲರ ನಂತರದ ಲೆಕ್ಕ ಹೊಂದುತ್ತದೆ. ಏಳು ಗಂಟೆಗೆ ಏಳುತ್ತಿದ್ದವನನ್ನು ಒಂದೇ ಸಲಕ್ಕೆ ನಾಲ್ಕೂವರೆಗೆ ಎಬ್ಬಿಸಿದರೆ ನಾಲ್ಕನೆಯ ದಿನ ಗಲ್ಲಾದ ಮುಂದೆ ತೂಕಡಿಕೆ, ಚಿಲ್ಲರೆ ಕೊಡುವುದರಲ್ಲಿ ಗೊಂದಲ. ಅಂಗಡಿಯವನಿಗೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ.

ಈ ದಾರಿಗಳೆಲ್ಲ ಬೆಳಗ್ಗೆಯನ್ನೇ ಹಿಡಿದು ಎಳೆಯುತ್ತವೆ. ನನಗೆ ಕೈಗೂಡಿದ್ದು ರಾತ್ರಿಯನ್ನು ಹಿಡಿದಾಗ, ಅದರಲ್ಲೂ ಅಂಗಡಿ ಮುಚ್ಚುವ ಹೊತ್ತನ್ನು.

ಒಂದು ತಿಂಗಳು ರಾತ್ರಿ ಒಂಬತ್ತೂವರೆಯಿಂದ ಹತ್ತೂಕಾಲರವರೆಗಿನ ವ್ಯಾಪಾರವನ್ನು ಬೇರೆ ಪುಟದಲ್ಲಿ ಬರೆದಿಟ್ಟೆ. ಮೊಟ್ಟೆ, ಬ್ರೆಡ್ಡು, ಮೊಸರು, ಸೊಳ್ಳೆ ಬತ್ತಿ, ಬಿಸ್ಕತ್ತು, ಅಪರೂಪಕ್ಕೊಮ್ಮೆ ಎಣ್ಣೆ. ದಿನಕ್ಕೆ ಹದಿನೈದು ನೂರರಿಂದ ಎರಡು ಸಾವಿರ. ಇವುಗಳಲ್ಲಿ ಉಳಿಯುವುದು ನೂರಕ್ಕೆ ಎಂಟೋ ಹತ್ತೋ ರೂಪಾಯಿ. ಅಂದರೆ ಆ ಮುಕ್ಕಾಲು ಗಂಟೆಗೆ ನಾನು ಪಡೆಯುತ್ತಿದ್ದುದು ನೂರೈವತ್ತು ರೂಪಾಯಿ, ಅದರಲ್ಲಿ ದೀಪ, ಫ್ರಿಜ್ಜು, ಹುಡುಗನ ಹೆಚ್ಚುವರಿ ಹೊತ್ತು ಕಳೆದರೆ ಇನ್ನೂ ಕಡಿಮೆ. ತಿಂಗಳಿಗೆ ನಾಲ್ಕು ಸಾವಿರ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿ ಒಂಬತ್ತೂವರೆಗೆ ಮುಚ್ಚಲು ಶುರು ಮಾಡಿದೆ.

“ಒಂದು ಸಲ ಬೇರೆ ಅಂಗಡಿಯ ಮೆಟ್ಟಿಲು ಹತ್ತಿದ ಗಿರಾಕಿ ಮತ್ತೆ ಬರುವುದಿಲ್ಲ, ನೋಡುತ್ತಿರಿ” ಎಂದು ಸಂತೇಪೇಟೆಯಲ್ಲಿ ಎಚ್ಚರಿಸಿದರು. ಮೊದಲ ತಿಂಗಳು ಅವರ ಮಾತೇ ನಿಜವಾಗುವಂತೆ ಕಂಡಿತು. ಎರಡನೆಯ ತಿಂಗಳಿಂದ ಅದೇ ಮುಖಗಳು ಒಂಬತ್ತು, ಒಂಬತ್ತೂಕಾಲಿಗೆ ಬರತೊಡಗಿದವು. ಜನ ಅಂಗಡಿಯ ಹೊತ್ತಿಗೆ ಹೊಂದಿಕೊಳ್ಳುತ್ತಾರೆ. ಈಗ ನಿಜವಾದ ನಷ್ಟ ತಿಂಗಳಿಗೆ ಸಾವಿರ, ಹೆಚ್ಚೆಂದರೆ ಹದಿನೈದು ನೂರು. ಟ್ರೆಡ್‌ಮಿಲ್ಲಿನ ಕಂತು ಇದಕ್ಕಿಂತ ಹೆಚ್ಚಿತ್ತು.

ಷಟರ್ ಬೇಗ ಎಳೆದದ್ದು ಅರ್ಧ ಕೆಲಸ. ಇನ್ನರ್ಧ ಊಟ. ಮನೆಗೆ ಹೋಗಿ ಉಣ್ಣುತ್ತೇನೆಂದರೆ ಎಷ್ಟು ಬೇಗ ಮುಚ್ಚಿದರೂ ಹತ್ತೂಕಾಲಾಗುತ್ತದೆ, ಹೊಟ್ಟೆ ಭಾರವಾಗಿ ಹನ್ನೊಂದೂವರೆಗೂ ನಿದ್ದೆ ಹತ್ತುವುದಿಲ್ಲ. ಆದ್ದರಿಂದ ರಾತ್ರಿಯ ಊಟವನ್ನೇ ಅಂಗಡಿಗೆ ತರಿಸಿದೆ. ಎಂಟು ಗಂಟೆಗೆ ಮಗ ಕ್ಯಾರಿಯರ್ ತರುತ್ತಾನೆ, ಅವನನ್ನು ಗಲ್ಲಾದ ಮುಂದೆ ಕೂರಿಸಿ ಅಕ್ಕಿ ಮೂಟೆಗಳ ಹಿಂದೆ ಕುಳಿತು ಹದಿನೈದು ನಿಮಿಷದಲ್ಲಿ ಮುಗಿಸುತ್ತೇನೆ. ಹೆಂಡತಿಗೆ ಇದು ಮೊದಲು ಒಪ್ಪಿಗೆಯಾಗಲಿಲ್ಲ. “ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವುದು ರಾತ್ರಿ ಒಂದೇ ಹೊತ್ತು, ಅದನ್ನೂ ತೆಗೆದುಬಿಟ್ಟಿರಾ?” ಎಂದಳು. ನ್ಯಾಯವಾದ ಮಾತು. ಬೆಳಗಿನ ತಿಂಡಿಯನ್ನು ಎಲ್ಲರೂ ಒಟ್ಟಿಗೆ ಎಂದು ಬದಲಿಸಿಕೊಂಡೆವು. ಈಗ ಎಂಟು ಗಂಟೆಗೆ ನಾಲ್ಕೂ ಜನ ಒಂದೇ ಸಲ ದೋಸೆಗೆ ಕೂರುತ್ತೇವೆ. ಮೊದಲು ಅದು ಆಗುತ್ತಲೇ ಇರಲಿಲ್ಲ.

ಉದ್ರಿ ಪುಸ್ತಕ ತಾಳೆ ನೋಡುವ ಕೆಲಸ ಮಧ್ಯಾಹ್ನ ಎರಡರಿಂದ ನಾಲ್ಕರ ಬಿಡುವಿಗೆ ಹೋಯಿತು. ಮೊಬೈಲನ್ನು ಅಂಗಡಿಯ ಡ್ರಾಯರಿನಲ್ಲೇ ಚಾರ್ಜಿಗೆ ಹಾಕಿ ಬೀಗ ಹಾಕಿ ಬರುತ್ತೇನೆ. ತುರ್ತಿಗೆ ಹೆಂಡತಿಯ ಮೊಬೈಲ್ ಇದೆ. ಮನೆಯಲ್ಲಿರುವುದು ಮುನ್ನೂರೈವತ್ತು ರೂಪಾಯಿಯ ಸಾಧಾರಣ ಅಲಾರಂ ಗಡಿಯಾರ.

ಇನ್ನು ಎಲ್ಲರೂ ತಲೆಯಾಡಿಸಿ ಬೇಡವೆಂದ ಭಾಗ. ಮೊದಲ ಎರಡು ತಿಂಗಳು ನಾನು ವ್ಯಾಯಾಮವನ್ನೇ ಮಾಡಲಿಲ್ಲ. ವಾರಕ್ಕೊಮ್ಮೆ ಕಾಲು ಗಂಟೆಯಂತೆ ಏಳುವ ಹೊತ್ತನ್ನು ಹಿಂದಕ್ಕೆ ತಂದೆ. ಏಳರಿಂದ ಐದೂಕಾಲಿಗೆ ಬರಲು ಹತ್ತಿರ ಹತ್ತಿರ ಎರಡು ತಿಂಗಳಾಯಿತು. ಎದ್ದು ನೀರು ಕುಡಿದು, ರಸ್ತೆಯ ಕೊನೆಯ ನಂದಿನಿ ಬೂತಿನವರೆಗೆ ಹೋಗಿ ಹಾಲು ತಂದು, ಬೆಳಕಾಗುವಾಗ ಮಹಡಿಯ ಮೇಲೆ ನಿಲ್ಲುವುದು, ಅಷ್ಟೇ. “ಭಾವ, ಎದ್ದು ಸುಮ್ಮನೆ ನಿಲ್ಲುವುದಕ್ಕೆ ಅಷ್ಟು ಬೇಗ ಏಕೆ ಏಳಬೇಕು? ಹದಿನೈದು ದಿನದಲ್ಲಿ ಬಿಡುತ್ತೀರಿ” ಎಂದು ಭಾವಮೈದ ಪಂಥ ಕಟ್ಟಿದ. ಏಳುವುದೂ ಹೊಸದು, ಓಡುವುದೂ ಹೊಸದಾದರೆ ಮೈ ನೋವಿನ ಸಿಟ್ಟೆಲ್ಲ ಏಳುವುದರ ಮೇಲೆ ತಿರುಗುತ್ತದೆ. ಎರಡನ್ನೂ ಬೇರೆ ಬೇರೆ ಮಾಡಿದ್ದೇ ನನ್ನನ್ನು ದಡ ಸೇರಿಸಿತು ಎಂದು ಖಂಡಿತವಾಗಿ ಹೇಳುತ್ತೇನೆ.

ಹಾಲಿನಿಂದ ಇನ್ನೊಂದು ಉಪಕಾರವಾಯಿತು. ನಮ್ಮ ಕೆಳಗಿನ ಮನೆಯಲ್ಲಿ ನಿವೃತ್ತ ಮೇಷ್ಟ್ರು, ಎದುರಿಗೆ ಒಬ್ಬರೇ ಇರುವ ಅಜ್ಜಿ. ಇಬ್ಬರಿಗೂ ಹಾಲು ನಾನೇ ತರುತ್ತೇನೆಂದು ಒಪ್ಪಿಕೊಂಡೆ. ಮೇಷ್ಟ್ರಿಗೆ ಐದೂಮುಕ್ಕಾಲಿಗೆ ಕಾಫಿ ಆಗಲೇಬೇಕು. ಹತ್ತು ನಿಮಿಷ ತಡವಾದರೆ ಗೇಟಿನ ಹತ್ತಿರ ಬಂದು ನಿಲ್ಲುತ್ತಾರೆ, ಒಂದು ಮಾತೂ ಆಡುವುದಿಲ್ಲ. ಜಿಮ್ಮಿನ ಹನ್ನೆರಡು ಸಾವಿರಕ್ಕೆ ಆಗದ್ದು ಅರ್ಧ ಲೀಟರ್ ಹಾಲಿಗೆ ಆಯಿತು.

ಅಲಾರಂ ಹೊಡೆದ ಮೇಲೆ ಹಾಸಿಗೆಯ ಅಂಚಿನಲ್ಲಿ ಕೂರುವ ಎರಡು ನಿಮಿಷವಿದೆಯಲ್ಲ, ಮತ್ತೆ ಉರುಳುವುದೋ ಏಳುವುದೋ ತೀರ್ಮಾನವಾಗುವುದು ಅಲ್ಲೇ. ಅದನ್ನು ದಾಟಲು ನನ್ನದೇ ಒಂದು ಉಪಾಯವಿದೆ. ಅದನ್ನು ಹೆಂಡತಿಗೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಅದು ಗುಟ್ಟಾಗಿದ್ದರೇ ಕೆಲಸ ಮಾಡುತ್ತದೆ.

ಮೂರನೆಯ ತಿಂಗಳಿಂದ ನಡಿಗೆ. ಕುಕ್ಕರಹಳ್ಳಿ ಕೆರೆ ಒಂದು ಸುತ್ತಿಗೆ ನಾಲ್ಕೂವರೆ ಕಿಲೋಮೀಟರಿನಷ್ಟು ಬರುತ್ತದೆ. ಕುವೆಂಪು ಅವರು ದಿನವೂ ನಡೆದ ಏರಿ ಅದು. ಅಲ್ಲಿ ಹೆಜ್ಜಾರ್ಲೆ ಹಕ್ಕಿಗಳು ನೀರಿಗಿಳಿಯುವುದನ್ನು ನೋಡಿದವನಿಗೆ ಕಿವಿಗೆ ಹಾಡು ಸಿಕ್ಕಿಸಿಕೊಳ್ಳಬೇಕೆಂದು ಅನ್ನಿಸುವುದೇ ಇಲ್ಲ. ಮೊದಲು ಅರ್ಧ ಸುತ್ತು ಹೋಗಿ ಹಿಂದಿರುಗುತ್ತಿದ್ದೆ. ಆರು ತಿಂಗಳಾದ ಮೇಲೆ ವಾರಕ್ಕೆರಡು ದಿನ ಚಾಮುಂಡಿ ಬೆಟ್ಟ. ಸಾವಿರದೆಂಟು ಮೆಟ್ಟಿಲುಗಳನ್ನು ಹತ್ತಲು ಆರಂಭದಲ್ಲಿ ಐವತ್ತು ನಿಮಿಷ ಬೇಕಾಗುತ್ತಿತ್ತು, ನಂದಿಯ ಹತ್ತಿರ ಬಂದರೆ ಕೂರಲೇಬೇಕಿತ್ತು. ಈಗ ಇಪ್ಪತ್ತೈದು, ಇಪ್ಪತ್ತಾರು ನಿಮಿಷ. ಪಂಥ ಕಟ್ಟಿದ ಭಾವಮೈದ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಕಳೆದ ಸಂಕ್ರಾಂತಿಗೆ ಜೊತೆಗೆ ಬಂದಿದ್ದ, ನಂದಿಯ ಹತ್ತಿರ ಅವನನ್ನು ಬಿಟ್ಟು ನಾನು ಮೇಲೆ ಹೋಗಿ ಅಮ್ಮನ ದರ್ಶನದ ಸಾಲಿನಲ್ಲಿ ನಿಂತಿದ್ದೆ.

ಬೆಟ್ಟದ ವಿಷಯದಲ್ಲಿ ಕೆಲವು ಕಿವಿಮಾತು. ಅದು ಕಾಯ್ದಿಟ್ಟ ಅರಣ್ಯ, ಚಿರತೆಗಳಿವೆ. ಎಷ್ಟೇ ಬೇಗ ಎದ್ದರೂ ಕತ್ತಲೆಯಲ್ಲಿ ಒಬ್ಬರೇ ಮೆಟ್ಟಿಲು ಹತ್ತಬೇಡಿ, ಬೆಳಕು ಹರಿದು ನಾಲ್ಕು ಜನ ಕಂಡ ಮೇಲೆ ಶುರು ಮಾಡಿ. ಇಳಿಯುವಾಗ ಮಂಡಿಗೆ ಪೆಟ್ಟು ಜಾಸ್ತಿ. ನಾನು ಹತ್ತುವುದು ಮೆಟ್ಟಿಲಲ್ಲಿ, ಇಳಿಯುವುದು ನಗರ ಸಾರಿಗೆ ಬಸ್ಸಿನಲ್ಲಿ. ಇದನ್ನು ಕೆಲವರು ಅರ್ಧ ವ್ಯಾಯಾಮ ಎನ್ನುತ್ತಾರೆ. ನನ್ನ ಮಂಡಿ ಐವತ್ತು ದಾಟಿದ್ದು, ನಾಳೆಯೂ ಅದೇ ಬೇಕು. ಆಷಾಢ ಶುಕ್ರವಾರಗಳಂದು ಕಾಲಿಡಲು ಜಾಗವಿರುವುದಿಲ್ಲ. ಹೆಣ್ಣುಮಕ್ಕಳು ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಅವರ ನಡುವೆ ದಾರಿ ಬಿಡಿ ಎನ್ನುತ್ತಾ ನುಗ್ಗುವುದು ಮರ್ಯಾದೆಯಲ್ಲ. ಆ ತಿಂಗಳು ಕೆರೆಯೇ ಸರಿ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಸಂಜೆ ಏಳರ ಕಾಫಿಯನ್ನು ನಾಲ್ಕಕ್ಕೆ ತಂದೆ. ಕಾಫಿಯ ಕೆಫೀನ್ ದೇಹದಲ್ಲಿ ಅರ್ಧಕ್ಕಿಳಿಯಲು ಐದು ಗಂಟೆ ಬೇಕು ಎನ್ನುತ್ತಾರೆ, ನನ್ನ ನಿದ್ದೆಯೂ ಅದನ್ನೇ ಹೇಳಿತು. ತಣ್ಣೀರು ಸ್ನಾನ ಡಿಸೆಂಬರಿನವರೆಗೆ ಮಾತ್ರ ನಡೆಯಿತು. ಬರಿಗಾಲಿನಲ್ಲಿ ಮೆಟ್ಟಿಲು ಹತ್ತಿದೆ, ಪಾದಕ್ಕೆ ಏನೂ ಆಗಲಿಲ್ಲ, ಆದರೆ ಬೇಗ ಆಗುವುದಿಲ್ಲ. ಎಲ್ಲಕ್ಕಿಂತ ಫಲ ಕೊಟ್ಟದ್ದು ಒಂಬೈನೂರು ರೂಪಾಯಿಯ ಸೊಳ್ಳೆ ಪರದೆ. ರಾತ್ರಿ ಮೂರಕ್ಕೆ ಸೊಳ್ಳೆ ಎಬ್ಬಿಸಿದರೆ ಐದೂಕಾಲಿಗೆ ಯಾವ ಗಡಿಯಾರವೂ ಎಬ್ಬಿಸಲಾರದು. ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಹಬ್ಬದ ದಿನಗಳು ಬೇರೆಯೇ. ಗೌರಿ ಗಣೇಶ, ಆಯುಧಪೂಜೆಯ ಹಿಂದಿನ ರಾತ್ರಿ ಹನ್ನೊಂದೂವರೆಗೂ ಗಿರಾಕಿ ಇರುತ್ತಾರೆ, ಆಗ ಬಾಗಿಲು ಹಾಕುವವನು ವ್ಯಾಪಾರಿಯೇ ಅಲ್ಲ. ಮರುದಿನ ಒಂದು ಗಂಟೆಗಿಂತ ಹೆಚ್ಚು ತಡವಾಗಿ ಏಳುವುದಿಲ್ಲ, ಮೇಷ್ಟ್ರಿಗೆ ಮೊದಲೇ ತಿಳಿಸಿರುತ್ತೇನೆ. ನಡಿಗೆ ಬಿಡುತ್ತೇನೆ, ಏಳುವುದನ್ನು ಬಿಡುವುದಿಲ್ಲ. ಭಾನುವಾರಕ್ಕೂ ಇದೇ ಹೊತ್ತು. ಭಾನುವಾರ ಎಂಟರವರೆಗೆ ಮಲಗಿದವರ ಸೋಮವಾರ ಹೇಗಿರುತ್ತದೆಂದು ಮಲಗಿದವರನ್ನೇ ಕೇಳಿ.

ತೂಕ ಎಂಬತ್ನಾಲ್ಕರಿಂದ ಎಪ್ಪತ್ತಾರಕ್ಕೆ ಬಂದಿದೆ. ಮೂರು ತಿಂಗಳ ಸರಾಸರಿ ಸಕ್ಕರೆ 6.3ರ ಹತ್ತಿರ ಇದ್ದದ್ದು 5.8ರ ಆಸುಪಾಸಿನಲ್ಲಿದೆ. ಇದರಲ್ಲಿ ಎಂಟು ಗಂಟೆಯ ಊಟದ ಪಾಲೆಷ್ಟು, ಬೆಟ್ಟದ ಪಾಲೆಷ್ಟು ಎಂದು ವಿಂಗಡಿಸಲು ಆಗದು. ಡಾಕ್ಟರು ಎರಡನ್ನೂ ಬಿಡಬೇಡಿ ಎಂದಿದ್ದಾರೆ.

ನನ್ನ ಲೆಕ್ಕ ಎಲ್ಲ ಅಂಗಡಿಗೂ ಹೊಂದುವುದಿಲ್ಲ. ನಮ್ಮ ರಸ್ತೆಯ ಬೇಕರಿ ಮಿತ್ರರು ನನ್ನ ಮಾತು ಕೇಳಿ ಕೊನೆಯ ಒಂದು ಗಂಟೆಯ ವ್ಯಾಪಾರವನ್ನು ಬರೆದು ನೋಡಿದರು. ದಿನದ ಕಾಲು ಭಾಗ ಅಲ್ಲೇ ಬರುತ್ತಿತ್ತು. ಅವರು ಮುಚ್ಚಲಿಲ್ಲ. ನಂಬಿಕೆಯ ಹುಡುಗನಿಗೆ ತಿಂಗಳಿಗೆ ಹದಿನೈದು ನೂರು ಹೆಚ್ಚು ಕೊಟ್ಟು ಬೀಗದ ಕೈ ಒಪ್ಪಿಸಿ, ತಾವು ಒಂಬತ್ತಕ್ಕೆ ಮನೆಗೆ ಹೊರಡುತ್ತಾರೆ. ಸದ್ಯಕ್ಕೆ ಏಳುವ ಹೊತ್ತನ್ನು ಐದೂಮುಕ್ಕಾಲರವರೆಗೆ ತಂದಿದ್ದಾರೆ, ನಡಿಗೆ ಇನ್ನೂ ಶುರುವಾಗಿಲ್ಲ. ಬರುವ ತಿಂಗಳು ಶುರು ಮಾಡಿ ಎಂದಿದ್ದೇನೆ.