ಇಬ್ಬರು ಒಟ್ಟಿಗೆ ತಿದ್ದುವ ಲೇಸರ್ ನಾಮಫಲಕ: ಬ್ರೌಸರ್ ಎಡಿಟರ್ ಕಟ್ಟಿದ ಬಗೆ

ಡಿಸೈನ್ ಮಾಡುವವರು ತುಮಕೂರು ಪೇಟೆಯಲ್ಲಿ, ಲೇಸರ್ ಮಷೀನ್ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ. ನಡುವೆ ವಾಟ್ಸ್‌ಆ್ಯಪ್‌ನಲ್ಲಿ ಫೈಲ್ ಓಡಾಡುವುದು ತಪ್ಪಲೆಂದು ಕಟ್ಟಿದ ಎಡಿಟರ್ ಇದು. ತಳಪಾಯಕ್ಕೆ ಎಸ್‌ವಿಜಿ (ಗೆರೆಗಳಿಂದಾದ ಚಿತ್ರದ ಫೈಲ್ ಬಗೆ) ಮತ್ತು ವೈಜೆಎಸ್ (ಹಲವರ ತಿದ್ದುಪಡಿಗಳನ್ನು ಹೊಂದಿಸುವ ಲೈಬ್ರರಿ) ಸಾಕು, ಫ್ರೇಮ್‌ವರ್ಕ್ ಯಾವುದಾದರೂ ನಡೆಯುತ್ತದೆ.

ಮೊದಲು ಅಳತೆ. ಎಸ್‌ವಿಜಿಯ ಅಗಲ 300 ಮಿ.ಮೀ., ಎತ್ತರ 200 ಮಿ.ಮೀ. ಎಂದು ಬರೆದು ವ್ಯೂಬಾಕ್ಸ್ (ಚಿತ್ರದೊಳಗಿನ ಅಳತೆಯ ಚೌಕಟ್ಟು) 0 0 300 200 ಕೊಟ್ಟರೆ ಒಂದು ಯೂನಿಟ್ಟಿಗೆ ಒಂದು ಮಿಲಿಮೀಟರ್. ಪಿಕ್ಸೆಲ್‌ನಲ್ಲಿ ಬಿಟ್ಟರೆ ಬ್ರೌಸರ್ ಇಂಚಿಗೆ 96 ಲೆಕ್ಕ ಹಿಡಿಯುತ್ತದೆ, ಹಳೆಯ ಇಂಕ್‌ಸ್ಕೇಪ್ (ಚಿತ್ರ ಬಿಡಿಸುವ ತಂತ್ರಾಂಶ) 90, ನೂರು ಮಿ.ಮೀ. ಫಲಕ 106.7 ಆಗಿ ಕೂರುತ್ತದೆ. ಮಷೀನಿನ ಕಡೆಗೆ ಡಿಎಕ್ಸ್‌ಎಫ್ (ಕ್ಯಾಡ್ ಡ್ರಾಯಿಂಗ್ ಫೈಲ್) ಬರೆಯುವಾಗ ವೈ ಅಕ್ಷವನ್ನು ತಿರುಗಿಸಬೇಕು, ಇಲ್ಲವಾದರೆ ಬರಹ ತಲೆಕೆಳಗು.

ವೈಜೆಎಸ್‌ನಲ್ಲಿ ಪ್ರತಿ ಆಕೃತಿಗೂ ಒಂದು ಮ್ಯಾಪ್, ಅಂದರೆ ಒಂದೊಂದು ಗುಣಕ್ಕೂ ಬೇರೆ ಕೀ ಇರುವ ಪಟ್ಟಿ, ಇಟ್ಟಿದ್ದೇನೆ. ಆಕೃತಿ ಪೂರ್ತಿ ಒಂದೇ ಜೇಸನ್ (ಎಲ್ಲ ಮಾಹಿತಿ ಒಟ್ಟಾಗಿರುವ ಪಠ್ಯ) ಆಗಿದ್ದರೆ, ಒಬ್ಬರು ಸ್ಕ್ರೂ ತೂತನ್ನು ಸರಿಸುವಾಗ ಇನ್ನೊಬ್ಬರು ವ್ಯಾಸ ಬದಲಿಸಿದರೆ ಒಂದು ತಿದ್ದುಪಡಿ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಎಕ್ಸ್, ವೈ ಮಾತ್ರ ಬೇರೆ ಬೇರೆ ಕೀ ಆಗಬಾರದು: ಒಬ್ಬರು ಅಡ್ಡ, ಇನ್ನೊಬ್ಬರು ಉದ್ದ ಎಳೆದರೆ ತೂತು ಇಬ್ಬರಿಗೂ ಬೇಡದ ಜಾಗಕ್ಕೆ ಹೋಗುತ್ತದೆ. ಹಿಂದಕ್ಕೆ ತರುವ ಅಂಡೂ ಮ್ಯಾನೇಜರ್‌ಗೆ ಟ್ರ್ಯಾಕ್ಡ್ ಒರಿಜಿನ್ (ತಿದ್ದುಪಡಿ ಯಾರದೆಂಬ ಗುರುತು) ಕೊಡುವುದು ಕಡ್ಡಾಯ. ಕಂಟ್ರೋಲ್ ಝಡ್ ಒತ್ತಿದಾಗ ಅವರವರ ಕೆಲಸ ಮಾತ್ರ ಹಿಂದೆ ಹೋಗಬೇಕು.

ಹೆಚ್ಚು ತಲೆ ತಿಂದದ್ದು ಕನ್ನಡ ಅಕ್ಷರ. ಪರದೆಯ ಮೇಲೆ ಎಲ್ಲ ಸರಿ ಕಾಣುತ್ತದೆ, ಕ್ರೋಮ್‌ನೊಳಗೇ ಅಕ್ಷರ ಜೋಡಿಸುವ ಹಾರ್ಫ್‌ಬಝ್ ಇದೆಯಲ್ಲ. ಮಷೀನಿಗೆ ಬೇಕಾದದ್ದು ಪಾತ್, ಅಂದರೆ ಕೊಯ್ಯಬೇಕಾದ ಗೆರೆ. ಅಕ್ಷರಕ್ಕೊಂದು ಗ್ಲಿಫ್ (ಫಾಂಟ್‌ನಲ್ಲಿರುವ ಚಿತ್ರ) ಎತ್ತಿಕೊಡುವ ಸರಳ ಲೈಬ್ರರಿ ಬಳಸಿದರೆ 'ಶ್ರೀ' ಒಡೆದು ಶ, ಹಲಂತ, ರ, ಗುಡಿಸಿನ ದೀರ್ಘ ಸಾಲಾಗಿ ನಿಲ್ಲುತ್ತವೆ. ಹಾಗಾಗಿ ಹಾರ್ಫ್‌ಬಝ್‌ನ ವೆಬ್‌ಅಸೆಂಬ್ಲಿ (ಬ್ರೌಸರ್‌ನಲ್ಲೇ ಓಡುವ) ರೂಪವನ್ನೇ ಹಾಕಿಕೊಂಡೆ. ಅಕ್ಷರ ಜೋಡಣೆ ಆದ ಮೇಲೆ ಬರುವ ಮುನ್ನಡೆಯ (ಮುಂದಿನ ಗ್ಲಿಫ್‌ಗೆ ಸರಿಯಬೇಕಾದ ದೂರ) ಜೊತೆ ಎಕ್ಸ್, ವೈ ಆಫ್‌ಸೆಟ್‌ಗಳನ್ನೂ (ಗ್ಲಿಫ್ ಅತ್ತಿತ್ತ ಸರಿಯಬೇಕಾದ ಅಳತೆ) ಕೂಡಿಸಬೇಕು. ಮರೆತರೆ ಒತ್ತು ಪಕ್ಕಕ್ಕೆ ಜಾರುತ್ತದೆ. ಒತ್ತು ಮೂಲಾಕ್ಷರದ ಮೇಲೆ ಹತ್ತಿದ್ದರೆ ಲೇಸರ್ ಎರಡೂ ಗೆರೆ ಕೊಯ್ದು ಅಕ್ಷರವನ್ನೇ ಸೀಳುತ್ತದೆ. ಪೇಪರ್ ಜೆಎಸ್ ಎಂಬ ಚಿತ್ರ ಲೈಬ್ರರಿಯ ಯುನೈಟ್‌ನಿಂದ ಅವನ್ನು ಬೆಸೆಯುತ್ತೇನೆ.

ಹತ್ತದಿದ್ದರೆ ಬೇರೆ ತಾಪತ್ರಯ. 'ಚಿಕ್ಕನಾಯಕನಹಳ್ಳಿ' ಎಂಟು ಅಕ್ಷರ. ಒತ್ತು ತಾಗದ ಫಾಂಟ್‌ನಲ್ಲಿ ಕೊಯ್ದರೆ ಕೈಗೆ ಬರುವುದು ಕನಿಷ್ಠ 10 ತುಂಡು. ಅದಕ್ಕೇ ಬೆಸೆದ ಮೇಲೆ ಉಳಿಯುವ ತುಂಡುಗಳ ಎಣಿಕೆಯನ್ನು ಪರದೆಯ ಮೂಲೆಯಲ್ಲಿ ತೋರಿಸುತ್ತೇನೆ, ಬಿಡಿ ಒತ್ತುಗಳಿಗೆ ಹಳದಿ ಬಣ್ಣ. 3 ಮಿ.ಮೀ. ಅಕ್ರಿಲಿಕ್‌ಗೆ 1.5 ಮಿ.ಮೀ. ಅಗಲದ ಸೇತುವೆ ಹಾಕಬಹುದು. ನನ್ನನ್ನು ಕೇಳಿದರೆ ಹಿಂದೆ ಒಂದು ಪ್ಲೇಟ್ ಕೊಟ್ಟು ಅಂಟಿಸುವುದೇ ಚೆಂದ. 'ಠ'ದ ನಡುವಿನ ಚುಕ್ಕೆಗೆ ಸೇತುವೆ ಕಟ್ಟಿದರೆ ಅದು ಠ ಆಗಿ ಉಳಿಯುವುದಿಲ್ಲ.

ಡ್ರಾಯಿಂಗ್ ಎಷ್ಟು ಬೇಕಾದರೂ ಬದಲಾಗಲಿ, ಕೊಯ್ಯುವ ಜಾಬ್ ಬದಲಾಗಕೂಡದು. 'ಕಟ್' ಒತ್ತಿದ ಕ್ಷಣದ ಪ್ರತಿಯನ್ನು ಬೇರೆಯಾಗಿ ತೆಗೆದಿಡುತ್ತೇನೆ; ಆಮೇಲಿನ ತಿದ್ದುಪಡಿ ಮುಂದಿನ ಜಾಬ್‌ಗೆ. ಕೆರ್ಫ್‌ನ (ಲೇಸರ್ ಸುಟ್ಟು ತೆಗೆಯುವ ಗೆರೆಯ ಅಗಲ) ಅರ್ಧವನ್ನು ಹೊರಗೆರೆಗೆ ಸೇರಿಸುವುದೂ ಈ ಪ್ರತಿಯಲ್ಲೇ, ಏಕೆಂದರೆ ಅದು ಮಷೀನ್, ಹಾಳೆಯ ದಪ್ಪ ನೋಡಿ ಬದಲಾಗುತ್ತದೆ. ಸ್ಟಾರ್ಟ್ ಬಟನ್ ಮಷೀನ್ ಪಕ್ಕದ ಕಂಪ್ಯೂಟರಿನಲ್ಲಿ ಮಾತ್ರ. ಅಲ್ಲಿ ಕ್ರೋಮ್ ಅಥವಾ ಎಡ್ಜ್ ಇರಬೇಕು, ಬ್ರೌಸರ್‌ನಿಂದ ಮಷೀನಿಗೆ ಮಾತಾಡಿಸುವ ವೆಬ್ ಸೀರಿಯಲ್‌ಗೆ ಫೈರ್‌ಫಾಕ್ಸ್ ಅನ್ನು ನೆಚ್ಚಿಕೊಳ್ಳುವಂತಿಲ್ಲ. ಮಷೀನ್ ನಡೆಸುವ ಜಿಆರ್‌ಬಿಎಲ್ ಬೋರ್ಡ್‌ಗೆ ಸಂಪರ್ಕದ ವೇಗ 115200; ಒಂದು ಸಾಲು ಕಳಿಸಿ 'ಓಕೆ' ಬಂದ ಮೇಲೆ ಮುಂದಿನದು. ಟ್ಯಾಬ್ ಹಿಂದೆ ಸರಿದರೆ ಕ್ರೋಮ್ ಟೈಮರ್‌ಗಳನ್ನು ನಿಧಾನಿಸುವುದರಿಂದ ಕಳಿಸುವ ಕೋಡ್ ವರ್ಕರ್‌ನಲ್ಲಿ (ಪುಟದಿಂದ ಬೇರೆಯಾಗಿ ಓಡುವ ಕೋಡ್) ಇರಲಿ. ಆಶ್ಚರ್ಯಸೂಚಕ ಚಿಹ್ನೆಯೊಂದನ್ನು ಕಳಿಸಿದರೆ ಮಷೀನ್ ನಿಲ್ಲುತ್ತದೆ. ಅದನ್ನು ಕಳಿಸುವ ಬಟನ್ ದೊಡ್ಡದಾಗಿ, ಕೆಂಪಗೆ, ಎಲ್ಲ ಪುಟದಲ್ಲೂ ಇರಲಿ. ತುರ್ತು ಸ್ವಿಚ್ ಮಾತ್ರ ಗೋಡೆಯ ಮೇಲಿನದೇ.