ಸಣ್ಣ ಸಿನಿಮಾದ ದುಡ್ಡು: ಯಾರಿಗೆ ಮೊದಲು, ಯಾರಿಗೆ ಆಮೇಲೆ

ಹೊಸ ನಿರ್ದೇಶಕರು ನನ್ನ ಹತ್ತಿರ ತರುವ ಕರಾರಿನಲ್ಲಿ ಹೆಚ್ಚಾಗಿ ಒಂದೇ ಸಾಲು ಇರುತ್ತದೆ: 'ಬಂದ ಲಾಭದಲ್ಲಿ ಹೂಡಿಕೆದಾರರಿಗೆ ಅರ್ಧ, ತಂಡಕ್ಕೆ ಅರ್ಧ.' ನಾನು ಗಾಂಧಿನಗರದಲ್ಲಿ ಸಣ್ಣ ಸಿನಿಮಾಗಳ ಲೆಕ್ಕ ಬರೆಯುವವಳು. ಆ ಸಾಲು ನೋಡಿದ ಕೂಡಲೇ ಕೇಳುತ್ತೇನೆ: ಏನೇನು ಕಳೆದ ಮೇಲೆ ಉಳಿದದ್ದು ಲಾಭ? ಅರ್ಧವೋ ಕಾಲೋ ಆಮೇಲೆ ನೋಡೋಣ. ಮೊದಲು ದುಡ್ಡು ಯಾವ ಸರದಿಯಲ್ಲಿ ಯಾರಿಗೆ ಹೋಗುತ್ತದೆ ಅನ್ನೋದನ್ನು ಬರೆಯಿರಿ.

ಟಿಕೆಟ್ಟಿನಿಂದ ಶುರು ಮಾಡಿ. ಮಲ್ಟಿಪ್ಲೆಕ್ಸಿನಲ್ಲಿ 150 ರೂಪಾಯಿ ಟಿಕೆಟ್ ಅಂದುಕೊಳ್ಳಿ. 100 ರೂಪಾಯಿ ದಾಟಿದ ಟಿಕೆಟ್ಟಿಗೆ ಜಿಎಸ್‌ಟಿ ಶೇ 18. ಅದು ಹೋದರೆ 127. ಮೊದಲ ವಾರ ಥಿಯೇಟರಿನವರ ಜೊತೆ ಅರ್ಧರ್ಧ ಅಂತ ಮಾತಾಗಿದ್ದರೆ ನಿಮ್ಮ ಕಡೆಗೆ ಸುಮಾರು 63.50. ವಿತರಕರ ಕಮಿಷನ್ ಶೇ 15 ಹಿಡಿಯಿರಿ, 54 ಉಳಿಯಿತು. ಸಿನಿಮಾಕ್ಕೆ 60 ಲಕ್ಷ, ಪಬ್ಲಿಸಿಟಿ ಮತ್ತು ಬಿಡುಗಡೆಗೆ 20 ಲಕ್ಷ ಹಾಕಿದ್ದರೆ, ಥಿಯೇಟರಿನಿಂದಲೇ ಅಷ್ಟೂ ವಾಪಸ್ ಬರಲು ಸುಮಾರು 1.48 ಲಕ್ಷ ಟಿಕೆಟ್ ಹೋಗಬೇಕು. ಅದೂ ಎಲ್ಲವೂ ಮೊದಲ ವಾರದ ಲೆಕ್ಕದಲ್ಲಿ. ವಾರ ಕಳೆದಂತೆ ನಿಮ್ಮ ಪಾಲು ಇಳಿಯುತ್ತದೆ. ಬಾಡಿಗೆ ಪದ್ಧತಿಯ ಒಂಟಿ ಪರದೆ ಥಿಯೇಟರಾದರೆ ಇನ್ನೂ ಕಷ್ಟ: ಜನ ಬರಲಿ ಬಿಡಲಿ, ವಾರದ ಬಾಡಿಗೆ ನಿಮ್ಮದೇ. ಹೂಡಿಕೆದಾರರಿಗೆ ಟೀಸರ್ ತೋರಿಸುವ ಮೊದಲೇ ಈ ಲೆಕ್ಕ ತೋರಿಸಿ.

ಈಗ ಸರದಿ. ಮೊದಲು ಹೀಗೆ ಬರೆದುಕೊಳ್ಳೋಣ. ಬಿಡುಗಡೆಗೆ ಕೊನೆಯಲ್ಲಿ ದುಡ್ಡು ಹಾಕಿದವರು ಮೊದಲು ತಗೊಳ್ಳುತ್ತಾರೆ. ಆಮೇಲೆ ಹೂಡಿಕೆದಾರರ ಅಸಲು. ಆಮೇಲೆ ಅದರ ಮೇಲೆ ಒಪ್ಪಿಕೊಂಡ ಹೆಚ್ಚುವರಿ, ಶೇ 20 ಅಂತಿಟ್ಟುಕೊಳ್ಳಿ. ನಂತರ ಸಂಬಳ ಮುಂದಕ್ಕೆ ಹಾಕಿಕೊಂಡು ದುಡಿದ ನಿರ್ದೇಶಕ, ಕ್ಯಾಮೆರಾಮನ್ ಮುಂತಾದವರ ಬಾಕಿ. ಇಷ್ಟಾದ ಮೇಲೆ ಉಳಿದದ್ದಕ್ಕೆ ಮಾತ್ರ ಅರ್ಧರ್ಧ.

ಥಿಯೇಟರ್, ಓಟಿಟಿ, ಟಿವಿ ಎಲ್ಲ ಸೇರಿ 110 ಲಕ್ಷ ಬಂತು ಅನ್ನಿ. ಬಿಡುಗಡೆಯ 20, ಅಸಲು 60, ಹೆಚ್ಚುವರಿ 12, ತಂಡದ ಬಾಕಿ 10 ಹೋದರೆ 8 ಲಕ್ಷ ಉಳಿಯಿತು. ಎರಡೂ ಕಡೆಗೆ ನಾಲ್ಕು ನಾಲ್ಕು. ಆ 60ರಲ್ಲಿ 6 ಲಕ್ಷ ಹಾಕಿದವರ ಕೈಗೆ 7.6 ಲಕ್ಷ. ಇಲ್ಲಿ ಸರದಿ ಹಿಂದೆಮುಂದೆ ಆದರೂ ಯಾರಿಗೂ ನೋವಿಲ್ಲ.

ಬಂದದ್ದು 95 ಲಕ್ಷ ಮಾತ್ರವಾದರೆ? ಬಿಡುಗಡೆಯ 20 ಹೋಗಿ 75 ಉಳಿಯಿತು. ಹೆಚ್ಚುವರಿ ಮೊದಲು ಅಂತಿದ್ದರೆ ಹೂಡಿಕೆದಾರರಿಗೆ 72 ಲಕ್ಷ ಪೂರ್ತಿ, ತಂಡಕ್ಕೆ 10ರ ಬದಲು 3. ಬಾಕಿ ಸಂಬಳ ಮೊದಲು ಅಂತಿದ್ದರೆ ತಂಡಕ್ಕೆ 10 ಪೂರ್ತಿ, ಹೂಡಿಕೆದಾರರಿಗೆ 65. ಏಳು ಲಕ್ಷ ಒಂದೇ ಸಾಲಿನಿಂದ ಆ ಕಡೆ ಈ ಕಡೆ ಆಯಿತು, ನೋಡಿ. ಸಣ್ಣ ಸಿನಿಮಾಕ್ಕೆ ದುಡ್ಡು ಕಮ್ಮಿ ಬೀಳುವ ಸಂಭವವೇ ಜಾಸ್ತಿ. ನನ್ನನ್ನು ಕೇಳಿದರೆ, ಅಸಲು ಬಂದ ಮೇಲೆ ಸಂಬಳದ ಬಾಕಿ ತೀರಲಿ, ಹೆಚ್ಚುವರಿ ಅದರ ನಂತರ ಇರಲಿ. ವರ್ಷಗಟ್ಟಲೆ ಬಿಟ್ಟಿ ದುಡಿದದ್ದೂ ಒಂದು ಹೂಡಿಕೆಯೇ ಅಲ್ವಾ? ಹೂಡಿಕೆದಾರರು ಇದಕ್ಕೆ ಸುಲಭಕ್ಕೆ ಒಪ್ಪಲ್ಲ. ಚೌಕಾಸಿ ಮಾಡಿ.

ಸಬ್ಸಿಡಿ, ಪ್ರಶಸ್ತಿ ಹಣ, ಡಬ್ಬಿಂಗ್, ರಿಮೇಕ್: ಒಂದೊಂದನ್ನೂ ಹೆಸರು ಹಿಡಿದು ಬರೆಯಿರಿ. ಸರ್ಕಾರದ ಸಬ್ಸಿಡಿ ಬರುವಷ್ಟರಲ್ಲಿ ಎಲ್ಲರೂ ಸಿನಿಮಾ ಮರೆತಿರುತ್ತಾರೆ, ಜಗಳ ಮಾತ್ರ ಹೊಸದಾಗಿ ಹುಟ್ಟುತ್ತದೆ. ರಾಷ್ಟ್ರಪ್ರಶಸ್ತಿ ಪಡೆದ ಅತ್ಯುತ್ತಮ ಚಿತ್ರಕ್ಕೆ ನಿರ್ಮಾಪಕರಿಗೂ ನಿರ್ದೇಶಕರಿಗೂ ಬೇರೆ ಬೇರೆ ನಗದು ಇದೆ. ನಿರ್ದೇಶಕರದ್ದು ಅವರದ್ದೇ ಅಂತ ಸ್ಪಷ್ಟವಾಗಿರಲಿ. ಸಿನಿಮಾದ ಕಾಪಿರೈಟ್ 60 ವರ್ಷ ಇರುತ್ತದೆ, ಹಾಗಾಗಿ ಹೂಡಿಕೆದಾರರ ಪಾಲು ಎಷ್ಟು ವರ್ಷ ಅನ್ನೋದೂ ಬೇಕು.

2013ರಲ್ಲಿ ಪವನ್ ಕುಮಾರ್ ಅವರ ಲೂಸಿಯಾ ಜನರ ದುಡ್ಡಿನಿಂದಲೇ ಬಂತು. ಅದನ್ನು ನೋಡಿ ಸುಮ್ನೆ ಇನ್‌ಸ್ಟಾಗ್ರಾಮಿನಲ್ಲಿ 'ಹತ್ತು ಸಾವಿರ ಹಾಕಿ, ಲಾಭದಲ್ಲಿ ಪಾಲು ತಗೊಳ್ಳಿ' ಅಂತ ಪೋಸ್ಟ್ ಹಾಕಬೇಡಿ. ಪಾಲುದಾರಿಕೆ ಸಂಸ್ಥೆಯಲ್ಲಿ 50 ಜನ ದಾಟುವಂತಿಲ್ಲ. ಕಂಪನಿ ಮಾಡಿ ಖಾಸಗಿಯಾಗಿ ಷೇರು ಕೊಟ್ಟರೂ ವರ್ಷಕ್ಕೆ 200 ಜನರ ಮಿತಿ ಇದೆ, ಅದಕ್ಕೆ ಜಾಹೀರಾತು ಕೊಡುವ ಹಾಗೂ ಇಲ್ಲ. ಹಲವರ ಹಣ ಒಟ್ಟುಗೂಡಿಸಿ ಲಾಭದ ಆಸೆ ತೋರಿಸಿದರೆ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮಗಳೂ ಬರಬಹುದು. ಇಲ್ಲಿ ಕಂಪನಿ ಕಾನೂನು ಗೊತ್ತಿರುವ ವಕೀಲರಿಗೆ ಫೀಸ್ ಕೊಡಿ, ಉಳಿಸಬೇಡಿ.

ಆ ಸಿನಿಮಾಕ್ಕೆ ಅಂತಲೇ ಒಂದು ಬ್ಯಾಂಕ್ ಖಾತೆ ತೆಗೆಯಿರಿ, ಎಲ್ಲ ವಸೂಲಿಯೂ ಅಲ್ಲಿಗೇ ಬರಲಿ. ವಿತರಕರಿಂದ ದಿನದ ಕಲೆಕ್ಷನ್ ರಿಪೋರ್ಟ್ ಕೇಳಿ ಇಟ್ಟುಕೊಳ್ಳಿ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಹೂಡಿಕೆದಾರರಿಗೆ ಲೆಕ್ಕ ಕಳಿಸಿ. ಆ ಮೂರು ತಿಂಗಳಲ್ಲಿ ಒಂದು ರೂಪಾಯಿ ಬಂದಿಲ್ಲದಿದ್ದರೂ ಸೊನ್ನೆ ಬರೆದು ಕಳಿಸಿ.