ಹಿತ್ತಲಲ್ಲಿ ಗಿರಿರಾಜ, ಬಾಗಿಲಲ್ಲಿ ನಾಯಿ: ಎರಡಕ್ಕೂ ಊಟದ ಲೆಕ್ಕ

ಮೊಟ್ಟೆಗೂ ಮಾಂಸಕ್ಕೂ ಒಂದೇ ಕೋಳಿ ಬೇಕೆಂದರೆ ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರ ತಳಿಗಳು ಹಿತ್ತಲಿಗೆ ಹೊಂದುತ್ತವೆ. ಮೊಟ್ಟೆಯೇ ಮುಖ್ಯವಾದರೆ ಸ್ವರ್ಣಧಾರ ತನ್ನಿ. ಇವು ಕಾವಿಗೆ ಕೂರುವುದು ಅಪರೂಪ. ನಾಟಿ ಕೋಳಿಯ ಕೆಳಗೆ 8-10 ಮೊಟ್ಟೆ ಇಟ್ಟು ಮರಿ ಮಾಡಿಸಬಹುದು, ಆದರೆ ಆ ಮರಿಗಳಿಗೆ ಮೊದಲ ತಲೆಮಾರಿನ ಬೆಳವಣಿಗೆ ಬರದು. ಪ್ರತಿ ಸಲ ಹೊಸ ಮರಿ ಕೊಳ್ಳುವುದೇ ಲೇಸು.

25 ಮರಿಗೆ 60 ವ್ಯಾಟಿನ ಹಳೇ ಕಾಲದ ತಂತಿ ಬಲ್ಬು ಒಂದು ಸಾಕು. ಎಲ್‌ಇಡಿ ಹಾಕಿ ಮರಿ ಕಳೆದುಕೊಳ್ಳುವವರು ಈಗ ಹೆಚ್ಚು. ಅದರಲ್ಲಿ ಬೆಳಕಿದೆ, ಕಾವಿಲ್ಲ. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ: ಬಲ್ಬಿನಡಿ ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದಿದ್ದರೆ ಸೆಕೆ. ನೆಲಕ್ಕೆ 2-3 ಅಂಗುಲ ಭತ್ತದ ಹೊಟ್ಟು ಹರಡಿ, ಮೊದಲ ಮೂರು ದಿನ ಮೇಲೆ ಪೇಪರ್ ಹಾಸಿ. ಇಲ್ಲದಿದ್ದರೆ ಹೊಟ್ಟನ್ನೇ ತಿನ್ನುತ್ತವೆ.

ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ತಪ್ಪಿದರೆ ಮಿಕ್ಕ ಶ್ರಮವೆಲ್ಲ ನೀರುಪಾಲು. 7ನೇ ದಿನ ಈ ರೋಗದ ಲಸಿಕೆ ಲಸೋಟ ಕಣ್ಣಿಗೆ ಒಂದು ಹನಿ, 14ನೇ ದಿನ ಗಂಬೋರೊ ಎಂಬ ಇನ್ನೊಂದು ರೋಗದ ಲಸಿಕೆ, 28ನೇ ದಿನ ಮತ್ತೆ ಲಸೋಟ, 8ನೇ ವಾರ ಅದೇ ಕೊಕ್ಕರೆ ರೋಗಕ್ಕೆ ಆರ್‌2ಬಿ ಚುಚ್ಚುಮದ್ದು. ಲಸಿಕೆಯನ್ನು ಐಸ್ ಹಾಕಿದ ಫ್ಲಾಸ್ಕಿನಲ್ಲೇ ತನ್ನಿ.

ಬೆಳೆದ ಕೋಳಿ ಹಗಲೆಲ್ಲ ಕೆದಕಿ ತಿನ್ನಲಿ. ಸಂಜೆ ತಲೆಗೆ 40-50 ಗ್ರಾಂ ರಾಗಿ, ಮೆಕ್ಕೆಜೋಳದ ನುಚ್ಚು ಹಾಕಿ. ಬೇರೆ ತಟ್ಟೆಯಲ್ಲಿ ಕಪ್ಪೆಚಿಪ್ಪಿನ ಪುಡಿ ಇಡಿ. ಕಾಳು ಅತಿಯಾದರೆ ಹೊಟ್ಟೆಯಲ್ಲಿ ಕೊಬ್ಬು ಕಟ್ಟಿ ಮೊಟ್ಟೆ ನಿಲ್ಲುತ್ತದೆ. 8-10 ಹೆಣ್ಣಿಗೆ ಒಂದು ಹುಂಜ ಇದ್ದರೆ ಸಾಕು. ಮಿಕ್ಕವು ಎರಡು ಕೆಜಿ ದಾಟುತ್ತಲೇ ಅಡುಗೆಮನೆಗೆ.

ನಾಯಿಯ ಪಾಲು ಬರುವುದು ಇಲ್ಲಿಂದಲೇ. ಕೊಯ್ದ ಜಾಗದಲ್ಲಿ ಪುಕ್ಕ, ಕರುಳು ಎಸೆದರೆ ನಾಯಿ ಅದೇ ವಾಸನೆ ಹಿಡಿದು ನಾಳೆ ಗೂಡಿಗೆ ನುಗ್ಗೀತು. ಪುಕ್ಕ, ಕರುಳನ್ನು ಗುಂಡಿ ತೋಡಿ ಹೂಳಿ. ತಲೆ, ಕೊರಳು, ಗುಂಡಿಗೆಗಳನ್ನು ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿ, ಮೂಳೆ ಬಿಡಿಸಿ ಹಾಕಿ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

15 ಕೆಜಿ ನಾಯಿಗೆ ದಿನಕ್ಕೆ 400 ಗ್ರಾಂನಷ್ಟು ಊಟ ಎರಡು ಹೊತ್ತಿಗೆ ಹಂಚಿ: ಅರ್ಧ ಮಾಂಸ, ಅರ್ಧ ಚೆನ್ನಾಗಿ ಬೆಂದ ರಾಗಿ ಅಂಬಲಿ ಅಥವಾ ಅನ್ನ, ಜೊತೆಗೆ ಹಿಡಿಯಷ್ಟು ಕುಂಬಳ. ಪಕ್ಕೆಲುಬು ಎದ್ದು ಕಂಡರೆ ಹೆಚ್ಚಿಸಿ, ಮುಟ್ಟಿದರೂ ಸಿಗದಿದ್ದರೆ ಇಳಿಸಿ. ಮೂಳೆ ಇಲ್ಲದ ಮಾಂಸದಲ್ಲಿ ಸುಣ್ಣದಂಶ ಸಾಲದು. 200 ಗ್ರಾಂ ಮಾಂಸಕ್ಕೆ ಕಾಲು ಚಮಚ ಮೊಟ್ಟೆಚಿಪ್ಪಿನ ಪುಡಿ ಬೆರೆಸಿ. ಚಿಪ್ಪನ್ನು ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ. ಇಡೀ ಚಿಪ್ಪು ಕೊಟ್ಟರೆ ನಾಯಿಗೂ ಕೋಳಿಗೂ ಮೊಟ್ಟೆ ಕದಿಯುವ ಚಾಳಿ ಹತ್ತುತ್ತದೆ, ಬಿಡಿಸುವುದು ಕಷ್ಟ. ಲಿವರ್ ವಾರಕ್ಕೆ 100 ಗ್ರಾಂ ಮೀರದಿರಲಿ.

ರೋಗದಿಂದ ಸತ್ತ ಕೋಳಿಯನ್ನು ಮಾತ್ರ ಬೇಯಿಸಿಯೂ ನಾಯಿಗೆ ಹಾಕಬೇಡಿ; ಸುಣ್ಣ ಹಾಕಿ ಮೂರಡಿ ಆಳಕ್ಕೆ ಹೂಳಿ, ಮೇಲೆ ಕಲ್ಲು ಹೇರಿ.